ಎಲ್ಲದಕ್ಕೂ ಕುರಿಯೇ ಹೊಣೆಯಂತೆ!

ಈಗಷ್ಟೇ ಒಂದು ಭಾಷಣ ಕೇಳಿ ಬಂದೆ. ತಲೆ ಕಾದಿದೆ. ಪರದೆ ಮೇಲೆ ಎರಡು ಫೋಟೋ: ಬೇಲಿಯೊಳಗೆ ಹಸಿರು, ಹೊರಗೆ ಬರೀ ಮಣ್ಣು. ದನ-ಕುರಿ ಓಡಿಸಿದರೆ ಸಾಕು, ಒಣ ನೆಲ ತಾನೇ ಚಿಗುರುತ್ತದಂತೆ. ಜೋರು ಚಪ್ಪಾಳೆ ಬೇರೆ. ಹುಲ್ಲಿನ ವಿಷಯ ಬಂದರೆ ನಾನು ಹೇಗಾಡುತ್ತೇನೆ ಅಂತ ನಿಮಗೆ ಗೊತ್ತೇ ಇದೆ. ಅಲ್ಲೇ ಎದ್ದು ಕೇಳುವ ಧೈರ್ಯ ಬರಲಿಲ್ಲ, ಅದಕ್ಕೇ ಇಲ್ಲಿ ಕಾರಿಕೊಳ್ಳುತ್ತಿದ್ದೇನೆ.

ಹಸಿರು ಸರಿ, ಯಾವ ಗಿಡದ ಹಸಿರು?

ಹುಲ್ಲು ಚಿಗುರುವುದು ಬುಡದಿಂದ. ತುದಿ ಮೇಯ್ದರೆ ಮತ್ತೆ ಬರುತ್ತದೆ. ಆದರೆ ಚೇತರಿಸಿಕೊಳ್ಳುವ ಮೊದಲೇ ಮತ್ತೆ ಮತ್ತೆ ಮೇಯಿಸಿದರೆ ಬೇರು ಸೊರಗುತ್ತದೆ. ಮೊದಲು ಹೋಗುವುದು ದನಕ್ಕೆ ರುಚಿಸುವ, ವರ್ಷಗಟ್ಟಲೆ ಬಾಳುವ ಹುಲ್ಲು. ಅದರ ಜಾಗಕ್ಕೆ ಮಳೆಗೆ ಹುಟ್ಟಿ ಬಿಸಿಲಿಗೆ ಸಾಯುವ ಹುಲ್ಲು. ಆಮೇಲೆ ಬಾಯಿ ಹಾಕಲಾಗದ ಮುಳ್ಳುಪೊದೆ. ಮಳೆಗಾಲದಲ್ಲಿ ಫೋಟೋ ತೆಗೆದರೆ ಮೂರೂ ಹಸಿರೇ! ಹಾಗಾಗಿ ಎಷ್ಟು ತಲೆ ಅಂತ ಎಣಿಸಿದರೆ ಸಾಲದು. ಒಂದೇ ಕಡೆ ಎಷ್ಟು ದಿನ ನಿಂತವು, ನೆಲಕ್ಕೆ ಎಷ್ಟು ಬಿಡುವು ಸಿಕ್ಕಿತು ಅಂತ ಕೇಳಬೇಕು.

ಆಸ್ಟ್ರೇಲಿಯಾದ ಒಣ ಬಯಲಿನಲ್ಲಿ ಲ್ಯಾಂಗ್ ಎಂಬ ವಿಜ್ಞಾನಿ 1969ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಅದೇ ಮಂದೆ, ಅದೇ ಬಯಲು. ಆದರೂ ಕುರಿ ನೀರು ಕುಡಿಯುವ ಜಾಗದ ಹತ್ತಿರ ನೆಲ ತುಳಿದು ಸವೆದಿರುತ್ತದೆ, ದೂರ ಹೋದ ಹಾಗೆ ಆ ಒತ್ತಡ ಕಡಿಮೆಯಾಗುತ್ತಾ ಹೋಗುತ್ತದೆ. ನೀರು ಎಲ್ಲಿಡಬೇಕು ಅಂತ ಕುರಿ ತೀರ್ಮಾನಿಸಿತಾ? ಬೈಗುಳ ಮಾತ್ರ ಅದಕ್ಕೆ.

‘ಹಾಗಾದ್ರೆ ಅತಿಯಾಗಿ ಮೇಯಿಸಿ ನೆಲ ಹಾಳಾಗೋದು ಸುಳ್ಳಾ?’ ಅಂತ ಕೇಳುವವರು ಬಂದೇ ಬರುತ್ತೀರಿ. ಸುಳ್ಳಲ್ಲ ಮಾರಾಯ್ರೇ. 25 ದೇಶಗಳ 98 ಒಣ ತಾಣಗಳನ್ನು ನೋಡಿದ ಅಧ್ಯಯನವೊಂದು 2022ರಲ್ಲಿ ಬಂತು. ಸೆಕೆ ಜಾಸ್ತಿ, ಗಿಡಗಳ ಬಗೆ ಕಡಿಮೆ ಇರುವ ಕಡೆ ಮೇಯಿಸುವುದರಿಂದ ಹೆಚ್ಚಾಗಿ ಕೆಡುಕೇ. ಆದರೆ ತಂಪಾಗಿ, ಬಗೆಬಗೆಯ ಗಿಡಗಳಿರುವ ಕಡೆ ಅನುಕೂಲವೂ ಕಂಡಿದೆ. ಈ ಎರಡನೇ ಮಾತು ಮಾತ್ರ ಭಾಷಣಗಳಲ್ಲಿ ಮಾಯ! ದನ ನುಗ್ಗಿಸಿದರೆ ಮರುಭೂಮಿಯೇ ಹಸಿರಾಗುತ್ತದೆ ಅನ್ನುವ ಇನ್ನೊಂದು ಗುಂಪಿದೆಯಲ್ಲ, ಅವರ ಮೇಲೂ ನನಗೆ ಇಷ್ಟೇ ಸಿಟ್ಟು. ಅದು ಇನ್ನೊಂದು ದಿನಕ್ಕಿರಲಿ.

ಬೇಲಿಯ ಬಗ್ಗೆ ಇನ್ನೊಂದು ಮಾತು. ಮುಳ್ಳುಪೊದೆ ಒಮ್ಮೆ ಬೇರೂರಿದ ಮೇಲೆ ಮೇಯಿಸುವುದನ್ನು ನಿಲ್ಲಿಸಿದರೂ ಹಳೆಯ ಹುಲ್ಲು ವಾಪಸ್ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ವೆಸ್ಟೋಬಿ, ವಾಕರ್, ನೋಯ್-ಮೈರ್ ಎಂಬ ಮೂವರು ವಿಜ್ಞಾನಿಗಳು ಸೇರಿ 1989ರಲ್ಲೇ ಇದನ್ನು ವಿವರಿಸಿದ್ದಾರೆ. ಪೊದೆಯನ್ನು ಯಾರಾದರೂ ಕಡಿಯಬೇಕು, ಸುಡಬೇಕು, ಇಲ್ಲವೇ ಮೇಯಿಸಬೇಕು. ಪೊದೆ ಮೇಯುವುದರಲ್ಲಿ ಮೇಕೆಯನ್ನು ಮೀರಿಸುವವರಿಲ್ಲ. ಓಡಿಸಬೇಕಾದವರ ಪಟ್ಟಿಯಲ್ಲಿ ಮೊದಲ ಹೆಸರೇ ಅದರದ್ದು.