ಹದಿನಾಲ್ಕನೇ ಮಹಡಿಗೆ ನಳ ಯಾವ ದಿನ ಬರುತ್ತೆ?

ಇವತ್ತು ನಮ್ಮ ಬೀದಿಗೆ ನಳದ ನೀರು ಬಿಡೋ ದಿನ. ಹೋದ ಸಲ ಬಿಟ್ಟು ಒಂಬತ್ತು ದಿನ ಆಯ್ತು. ರಾತ್ರಿ ಎರಡಕ್ಕೂ ಬರಬಹುದು, ಬೆಳಗಿನ ಜಾವ ನಾಲ್ಕಕ್ಕೂ ಬರಬಹುದು. ಅದಕ್ಕೇ ಎದ್ದು ಕೂತಿದ್ದೇನೆ. ಸುಮ್ನೆ ಕೂರೋ ಬದಲು, ಕೆಲವು ವಾರದಿಂದ ತಲೆ ಕೊರೀತಿರೋ ಒಂದು ವಿಷಯ ಬರೆದುಬಿಡೋಣ ಅನಿಸಿತು.

ಬಳ್ಳಾರಿಯ ಮೋಕಾ ರಸ್ತೆ ಕಡೆ, ನಮ್ಮ ಲೇಔಟ್ ಮುಗಿಯೋ ಜಾಗದಲ್ಲಿ ಮೊದಲು ಹತ್ತಿ ಹೊಲ ಇತ್ತು. ಈಗ ತಗಡಿನ ಬೇಲಿ ಬಂದಿದೆ. ಬೇಲಿಯ ಮುಂದೆ ಲಾರಿ ಉದ್ದದ ಫ್ಲೆಕ್ಸ್. ಅದರಲ್ಲಿ ಹದಿನಾಲ್ಕು ಮಹಡಿಯ ಕಟ್ಟಡ. ಕೆಳಗೆ ನೀಲಿ ಈಜುಕೊಳ, ಅದರ ದಂಡೆಯಲ್ಲಿ ಕುರ್ಚಿ ಹಾಕಿಕೊಂಡು ಒರಗಿದ ಜನ. ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಆ ಕುರ್ಚಿ ಮೇಲೆ ಹತ್ತು ನಿಮಿಷ ಕೂತು ತೋರಿಸಲಿ, ಆಮೇಲೆ ಮಾತಾಡೋಣ. ನಾನು ಮೊದಲ ಸಲ ನೋಡಿದ ದಿನ ಫ್ಲೆಕ್ಸಿನ ಕಂಬಕ್ಕೆ ಯಾರೋ ಮೇಕೆ ಕಟ್ಟಿದ್ದರು. ಅದು ಈಜುಕೊಳದ ಮೂಲೆಯನ್ನು ನಿಧಾನಕ್ಕೆ ಮೇಯುತ್ತಿತ್ತು. ನಾಲ್ಕು ಹೆಜ್ಜೆ ಆಚೆಗೆ ಟ್ಯಾಂಕರ್ ನಿಂತಿತ್ತು. ಹೆಂಗಸರು ಪ್ಲಾಸ್ಟಿಕ್ ಕೊಡ ಸಾಲಾಗಿಟ್ಟು ಜಗಳ ಆಡುತ್ತಿದ್ದರು.

ಅವತ್ತು ಸಂಜೆಯಿಂದಲೇ ನಮ್ಮ ಬಡಾವಣೆ ಎರಡಾಯ್ತು.

ಒಂದು ಕಡೆಯವರಿಗೆ ಖುಷಿಯೋ ಖುಷಿ. "ನಮ್ಮೂರೂ ಬೆಂಗಳೂರಾಯ್ತು ನೋಡ್ರಿ" ಅಂತ ಆ ಫ್ಲೆಕ್ಸಿನ ಫೋಟೋ ಸ್ಟೇಟಸ್ಸಿಗೆ ಹಾಕಿಕೊಂಡರು. ಇನ್ನೊಂದು ಕಡೆಯವರು ಹನುಮಪ್ಪನ ಗುಡಿ ಕಟ್ಟೆ ಮೇಲೆ ಸಭೆ ಸೇರಿದರು. ನಾನೂ ಹೋಗಿದ್ದೆ, ವಗ್ಗರಣೆ ಮಿರ್ಚಿ ತರಿಸಿದ್ದರು. ಒಬ್ಬ ಹಿರಿಯರು ಎದ್ದು, "ಮೇಲೆ ನಿಂತವರಿಗೆ ನಮ್ಮ ಅಂಗಳ ಕಾಣ್ತದಲ್ಲಪಾ, ಹೆಣ್ಣುಮಕ್ಕಳು ಓಡಾಡೋದು ಬ್ಯಾಡೇನು?" ಅಂದರು. ಇನ್ನೊಬ್ಬರು ಟ್ರಾಫಿಕ್ ಅಂದರು. ಮತ್ತೊಬ್ಬರು ದನಿ ತಗ್ಗಿಸಿ, "ಎಂಥೆಂಥವರು ಬರ್ತಾರೋ ಏನೋ, ಏನೇನು ತಿಂತಾರೋ" ಅಂದರು. ಈ ಕೊನೇ ಮಾತಿಗೆ ಸುಮಾರು ಜನ ತಲೆ ಆಡಿಸಿದರು. ನಿಜ ಹೇಳ್ತೀನಿ, ನನಗೆ ಮಿರ್ಚಿ ಗಂಟಲಲ್ಲೇ ಉಳಿಯಿತು. ಮನೆ ಬಾಡಿಗೆಗೆ ಕೊಡುವಾಗ ಜಾತಿ ಕೇಳೋ ಜನ ನಾವು. ಈಗ ಕಟ್ಟಡದ ಎತ್ತರದ ಹೆಸರು ಹೇಳಿಕೊಂಡು ಅದೇ ಪ್ರಶ್ನೆ ಕೇಳ್ತಾ ಇದ್ದೇವೆ, ಅಷ್ಟೇ.

ನಾನೇನು ಸಾಚಾ ಅಲ್ಲ. ಫ್ಲೆಕ್ಸ್ ನೋಡಿದ ಕೂಡಲೇ ನನಗೆ ಮೊದಲು ಬಂದ ಯೋಚನೆ, "ನಮ್ಮ ಸೈಟಿನ ರೇಟು ಎಷ್ಟಾಗಬಹುದು?" ಎರಡನೆಯದು, "ನಮ್ಮ ಮಾಳಿಗೆ ಮೇಲಿಂದ ಇನ್ನು ಗುಡ್ಡ ಕಾಣಲ್ವಲ್ಲ." ಹದಿನೈದು ವರ್ಷದಿಂದ ಸಂಜೆ ಚಹಾ ಕುಡಿಯೋದು ಕೋಟೆ ಗುಡ್ಡ ನೋಡ್ತಾ. ಅದು ಹೋಗುತ್ತೆ ಅಂದರೆ ಹೊಟ್ಟೆ ಉರಿಯುತ್ತೆ. ಆದರೆ ನನ್ನ ಮನೆ ನಿಂತಿರೋದೂ ಒಬ್ಬರ ಜೋಳದ ಹೊಲದಲ್ಲೇ. ಅವರಿಗೂ ಏನೋ ಕಾಣದಂತೆ ಮಾಡಿಯೇ ನಾನು ಇಲ್ಲಿ ಬಂದು ಕೂತಿದ್ದು. ಎತ್ತರದ ಮೇಲೆ ಇರೋದು ಈ ಸೀಮೆಗೆ ಹೊಸದೂ ಅಲ್ಲ ಬಿಡಿ. ಇಲ್ಲೇ ಪಕ್ಕದ ಸಂಗನಕಲ್ಲಿನ ಗುಡ್ಡದ ತಲೆ ಮೇಲೆ ನವಶಿಲಾಯುಗದ ಜನ ನಾಲ್ಕೈದು ಸಾವಿರ ವರ್ಷದ ಹಿಂದೆಯೇ ಸಂಸಾರ ಹೂಡಿದ್ದರು.

ಕಟ್ಟೆ ಮೇಲೆ ಯಾರೂ ಆಡದ ಮಾತು ಒಂದಿದೆ. 200 ಮನೆ ಅಂತ ಇಟ್ಟುಕೊಳ್ಳಿ. ಒಂದೊಂದೂ 30-40 ಸೈಟಲ್ಲಿ ಬಿಡಿಬಿಡಿಯಾಗಿ ಕಟ್ಟಿದರೆ ಬರೀ ಸೈಟಿಗೇ ಐದೂವರೆ ಎಕರೆ ಬೇಕು. ರಸ್ತೆ, ಪಾರ್ಕು ಸೇರಿದರೆ ಹತ್ತು ಎಕರೆ ಹತ್ತಿರ ಹೋಗುತ್ತೆ. ಹತ್ತಿ, ಮೆಣಸಿನಕಾಯಿ, ಕಡಲೆ ಬೆಳೆಯೋ ಹತ್ತು ಎಕರೆ ಎರೆಭೂಮಿ. ಅದೇ 200 ಮನೆ ಮೇಲಕ್ಕೆ ಹೋದರೆ ಎರಡು ಎಕರೆಯಲ್ಲಿ ಮುಗಿಯುತ್ತೆ. ಹಾಗಾಗಿ ಎತ್ತರದ ಮೇಲೆ ನನಗೆ ಸಿಟ್ಟಿಲ್ಲ. ಊರು ಬೆಳೆಯುತ್ತೆ, ಬೇಡ ಅಂದರೆ ನಿಲ್ಲಲ್ಲ.

ನನ್ನ ತಕರಾರು ಒಂದೇ, ನೀರು.

ನಮ್ಮ ಮನೆ ಲೆಕ್ಕ ಹೇಳ್ತೀನಿ. ಐದು ಜನ. ನೆಲದ ಸಂಪು 4,000 ಲೀಟರ್, ಮೇಲೆ 500 ಲೀಟರಿನ ಸಿಂಟೆಕ್ಸ್. ಇದು ಒಂಬತ್ತು ದಿನಕ್ಕೆ ಸಾಕಾಗಬೇಕು. ಭಾಗಿಸಿ ನೋಡಿ, ತಲೆಗೆ ದಿನಕ್ಕೆ 100 ಲೀಟರ್. ಏಳನೇ ದಿನದಿಂದ ನನ್ನ ಹೆಂಡತಿ ಬಟ್ಟೆ ಒಗೆದ ನೀರನ್ನು ಬಕೆಟ್ಟಲ್ಲಿ ಹಿಡಿದು ಕಕ್ಕಸಿಗೆ ಇಡುತ್ತಾಳೆ. ಎಂಟನೇ ದಿನ ನೆಂಟರು ಬಂದರೆ ಅವಳ ಮುಖ ನೋಡೋಕಾಗಲ್ಲ. "ಬರ್ರಿ, ಬರ್ರಿ" ಅಂತಲೇ ಕಣ್ಣಲ್ಲೇ ಸಂಪು ಅಳೀತಾಳೆ. ಒಳಚರಂಡಿ ಇರೋ ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಕೊಡಬೇಕು ಅಂತ ಕೇಂದ್ರ ಸರ್ಕಾರದ ಮಾನದಂಡ ಇದೆ. ಅದನ್ನು ಓದಿದಾಗ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕರು.

ಈಗ ಆ 200 ಮನೆಗೆ ಇದೇ ಲೆಕ್ಕ ಹಾಕಿ. ಮನೆಗೆ ಐದರಂತೆ ಸಾವಿರ ಜನ. ದಿನಕ್ಕೆ 1,35,000 ಲೀಟರ್. 5,000 ಲೀಟರಿನ ಟ್ಯಾಂಕರ್ ಆದರೆ ದಿನಾ 27 ಟ್ರಿಪ್ಪು. ನಮ್ಮ ಬೀದಿಯ ಥರ ಒಂಬತ್ತು ದಿನಕ್ಕೊಮ್ಮೆ ನಳ ಬಂದರೆ 12 ಲಕ್ಷ ಲೀಟರಿಗೂ ಜಾಸ್ತಿ ಹಿಡಿದಿಡಬೇಕು. ಅಷ್ಟು ದೊಡ್ಡ ಸಂಪು ತೋಡಿದರೆ ಅದೇ ಒಂದು ಈಜುಕೊಳ ಆಗುತ್ತೆ. ಫ್ಲೆಕ್ಸಲ್ಲಿ ತೋರಿಸಿದ್ದು ಅದನ್ನೇ ಇರಬಹುದಾ ಅಂತಲೂ ಒಂದು ಗಳಿಗೆ ಅನುಮಾನ ಬಂತು.

ಊರಿಗೆ ನೀರು ಬರೋದು ಅಲ್ಲೀಪುರದ ಕೆರೆಯಿಂದ, ಮೋಕಾದ ಕೆರೆಯಿಂದ. ಎರಡಕ್ಕೂ ಆಧಾರ ತುಂಗಭದ್ರಾ ಕಾಲುವೆ. ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲುತ್ತೆ. ಅಷ್ಟರೊಳಗೆ ಕೆರೆ ತುಂಬಿಕೊಂಡಷ್ಟೇ ನಮ್ಮದು. ಅಣೆಕಟ್ಟು ಶುರುವಿಗೆ 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿ ಹೋದಾಗ ತುಂಬಿದ ಡ್ಯಾಮು ಕಣ್ಣೆದುರೇ ಹರಿದು ಹೋಯ್ತಲ್ಲ, ಅವತ್ತು ನಮ್ಮ ಬೀದಿಯಲ್ಲಿ ಭತ್ತದ ಹೊಲ ಇದ್ದವರೂ ನಿದ್ದೆ ಮಾಡಲಿಲ್ಲ, ಬರೀ ಸಂಪು ಇದ್ದವರೂ ನಿದ್ದೆ ಮಾಡಲಿಲ್ಲ.

ಇದನ್ನೆಲ್ಲಾ ತಲೆಯಲ್ಲಿಟ್ಟುಕೊಂಡು ಒಂದು ದಿನ ಆ ಸೈಟ್ ಆಫೀಸಿಗೆ ಹೋದೆ. ಎಸಿ ರೂಮು, ಗಾಜಿನ ಪೆಟ್ಟಿಗೆಯಲ್ಲಿ ಕಟ್ಟಡದ ಮಾಡೆಲ್ಲು. ಪುಟ್ಟ ಪುಟ್ಟ ಕಾರು, ಹಸಿರು ಸ್ಪಂಜಿನ ಗಿಡ. ಟೈ ಕಟ್ಟಿದ ಹುಡುಗ ಬಹಳ ಮರ್ಯಾದೆಯಿಂದ ಮಾತಾಡಿಸಿದ. ಜಿಮ್ಮು, ಪಾರ್ಟಿ ಹಾಲು, ವಾಸ್ತು ಎಲ್ಲಾ ಹೇಳಿದ. "ನೀರು ಹೆಂಗಪ್ಪಾ?" ಅಂದೆ.

"ಟ್ವೆಂಟಿ ಫೋರ್ ಅವರ್ಸ್ ಸರ್."

"ಎಲ್ಲಿಂದ?"

"ಬೋರ್ ಹಾಕಿಸ್ತೀವಿ ಸರ್. ಸಾಲದಿದ್ರೆ ಟ್ಯಾಂಕರ್ ಐತೆ."

ನಮ್ಮ ಎದುರು ಮನೆಯವರ ಬೋರಲ್ಲಿ ಮಾರ್ಚಿ ಬಂದರೆ ಬರೀ ಗಾಳಿ ಬರುತ್ತೆ. ಬಂದ ನೀರೂ ಸವಳು, ಬೇಳೆ ಬೇಯಲ್ಲ. ಹುಡುಗನ ಮೇಲೆ ರೇಗಿ ಏನು ಪ್ರಯೋಜನ, ಅವನಿಗೆ ಹೇಳಿಕೊಟ್ಟಿದ್ದು ಅಷ್ಟೇ. "ನಿಮ್ಮ ಮನೆ ಎಲ್ಲಿ?" ಅಂತ ಕೇಳಿದೆ. ಕೌಲ್ ಬಜಾರ್ ಅಂದ. "ನಿಮಗೆ ಎಷ್ಟು ದಿನಕ್ಕೆ ಬಿಡ್ತಾರೆ?" ಅಂದೆ. ನಕ್ಕುಬಿಟ್ಟ. "ಬಿಡ್ರಿ ಸರ್" ಅಂದ.

ಇನ್ನು ನೆಲದ ಮಾತು. ಎರೆ ಮಣ್ಣು ಮಳೆಗೆ ಉಬ್ಬುತ್ತೆ, ಬಿಸಿಲಿಗೆ ಬಿರಿಯುತ್ತೆ. ನಮ್ಮ ಕಾಂಪೌಂಡ್ ಗೋಡೆಯ ಬಿರುಕಿನಲ್ಲಿ ಮೇ ತಿಂಗಳಲ್ಲಿ ಕಿರುಬೆರಳು ತೂರುತ್ತೆ. ಗರಸು ತುಂಬಿಸಿಯೇ ಪಾಯ ಹಾಕಿದ್ದೆವು, ಆದರೂ ಹೀಗೆ. ಎತ್ತರದ ಕಟ್ಟಡಕ್ಕೆ ಗಟ್ಟಿ ನೆಲ ಸಿಗೋವರೆಗೂ ಕೆಳಗಿಳಿಯಬೇಕು, ಮಣ್ಣು ಪರೀಕ್ಷೆ ಮಾಡಿಸಬೇಕು. ಸರಿಯಾಗಿ ಮಾಡಿದರೆ ಏನೂ ಆಗಲ್ಲ. ಆದರೆ 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತಿದ್ದನ್ನು ಈ ಕಡೆಯವರು ಮರೆತಿಲ್ಲ. ಕಟ್ಟೆ ಮೇಲಿನ ಹಿರಿಯರ ಭಯಕ್ಕೆ ಅಂಗಳದ ನೆಪ ಇದ್ದರೂ, ಒಳಗೆ ಇದೂ ಇರಬಹುದು. ಆದರೆ ಅವರು ಅದನ್ನು ಬಾಯಿಬಿಟ್ಟು ಕೇಳಲಿಲ್ಲ.

ಕೊಳ್ಳೋಕೆ ಹೊರಟವರಿಗೆ ನನ್ನದೊಂದು ಮಾತಿದೆ. ಗಣಿ ಕಾಲದಲ್ಲಿ ನಮ್ಮ ಭಾವ ಇದೇ ಊರಲ್ಲಿ ಒಂದು ಫ್ಲಾಟಿಗೆ ದುಡ್ಡು ಕಟ್ಟಿದ್ದರು. ಆಗ ಊರೆಲ್ಲಾ ಕೆಂಪು ಧೂಳು, ಎಲ್ಲರ ಜೇಬಲ್ಲೂ ನೋಟು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿತು. ಕಟ್ಟಡವೂ ಎರಡನೇ ಸ್ಲ್ಯಾಬಿಗೆ ನಿಂತಿತು. ಯಾರದು ಅಂತ ಹೇಳಲ್ಲ. ಪಿಲ್ಲರಿನ ತಲೆಯಿಂದ ಎದ್ದ ಕಂಬಿ ತುಕ್ಕು ಹಿಡಿದು, ಅದರಲ್ಲಿ ಕಾಗೆ ಗೂಡು ಕಟ್ಟಿತ್ತು. ಭಾವ ವರ್ಷಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದರು, ತಿಥಿಗೆ ಹೋದಂಗೆ. ಅರ್ಧ ದುಡ್ಡು ಬಂತು, ಅರ್ಧ ಬರಲೇ ಇಲ್ಲ.

ಈಗ 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆ ಇದೆ. 500 ಚದರ ಮೀಟರ್ ಮೀರಿದ ಜಾಗ ಅಥವಾ ಎಂಟಕ್ಕಿಂತ ಜಾಸ್ತಿ ಮನೆ ಇದ್ದರೆ ನೋಂದಣಿ ಆಗಲೇಬೇಕು. ನೋಂದಣಿಗೆ ಮುಂಚೆ ಜಾಹೀರಾತು ಹಾಕೋ ಹಾಗೂ ಇಲ್ಲ, ಬುಕಿಂಗ್ ತಗೊಳ್ಳೋ ಹಾಗೂ ಇಲ್ಲ. ಅಗ್ರಿಮೆಂಟ್ ರಿಜಿಸ್ಟರ್ ಆಗೋ ಮೊದಲು ಬೆಲೆಯ ಶೇಕಡಾ 10ಕ್ಕಿಂತ ಜಾಸ್ತಿ ಕೇಳಂಗಿಲ್ಲ. ಕೊಂಡವರಿಂದ ಬಂದ ದುಡ್ಡಲ್ಲಿ ಶೇಕಡಾ 70 ಬೇರೆ ಖಾತೆಯಲ್ಲಿಟ್ಟು ಜಾಗಕ್ಕೆ, ಕಟ್ಟೋಕೆ ಮಾತ್ರ ಬಳಸಬೇಕು. ಕೈಗೆ ಕೊಟ್ಟ ಮೇಲೂ ಐದು ವರ್ಷ ಕಟ್ಟಡದ ದೋಷ ಅವರೇ ಸರಿ ಮಾಡಿಕೊಡಬೇಕು. ನಮ್ಮ ಫ್ಲೆಕ್ಸಲ್ಲಿ ರೇರಾ ನಂಬರು ಹುಡುಕಿದೆ, ಸಿಗಲಿಲ್ಲ. ಮೇಕೆ ತಿಂದ ಮೂಲೆಯಲ್ಲೇ ಇತ್ತೋ ಏನೋ.

ಇನ್ನೊಂದು ಸಂಗತಿ. ಕಟ್ಟಿದ ಜಾಗ ಒಟ್ಟು 20,000 ಚದರ ಮೀಟರ್ ದಾಟಿದರೆ 2006ರ ಅಧಿಸೂಚನೆ ಪ್ರಕಾರ ಪರಿಸರ ಅನುಮತಿ ಬೇಕು. ಮನೆಗೆ 1,200 ಚದರಡಿಯಂತೆ 200 ಮನೆ ಅಂದರೇನೇ ಆ ಗೆರೆ ದಾಟುತ್ತೆ. ಆ ಅರ್ಜಿಯಲ್ಲಿ ನೀರು ಎಲ್ಲಿಂದ, ಕೊಳಚೆ ಎಲ್ಲಿಗೆ ಅಂತ ಬರೆದುಕೊಡಬೇಕು. ಹುಡುಗನ "ಟ್ಯಾಂಕರ್ ಐತೆ" ಅಲ್ಲಿ ನಡೆಯಬಾರದು.

ಅದಕ್ಕೇ ನಾನೂ ಇನ್ನಿಬ್ಬರೂ ಸೇರಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನ ಅರ್ಜಿ ಹಾಕಿದೆವು. ಮೂರೇ ಪ್ರಶ್ನೆ. ಈ ಕಟ್ಟಡಕ್ಕೆ ನಗರದ ನೀರು ಎಷ್ಟು ಕೊಡ್ತೀವಿ ಅಂತ ಒಪ್ಪಿದ್ದೀರಿ? ಅದನ್ನು ಯಾವ ಬೀದಿಯ ಲೈನಿಂದ ತೆಗೀತೀರಿ? ಇದರ ಕೊಳಚೆ ನೀರು ಎಲ್ಲಿಗೆ ಬಿಡ್ತೀರಿ? ಉತ್ತರ ಕೊಡೋಕೆ 30 ದಿನ ಇದೆ, 19 ಕಳೆದಿವೆ. ಕಟ್ಟೆ ಸಭೆಯಲ್ಲಿದ್ದ ನಲವತ್ತು ಜನರಲ್ಲಿ ಸಹಿ ಹಾಕಿದ್ದು ಮೂವರೇ. ಉಳಿದವರು, "ನಿಮ್ದು ಆದ ಮ್ಯಾಲೆ ಹೇಳ್ರಿ" ಅಂದರು.

ನಮ್ಮ ಬೀದಿ ಕೊನೆಯಲ್ಲಿ ಬಾಡಿಗೆಗಿರೋ ಜೀನ್ಸ್ ಹೊಲಿಯೋ ಅಣ್ಣ ಒಬ್ಬರಿದ್ದಾರೆ. ಸಹಿ ಕೇಳಿದ್ದಕ್ಕೆ, "ಸರ್, ನಾನು ಅಲ್ಲಿ ಮನೆ ತಗೊಳ್ಳಂಗಿಲ್ಲ, ಕಟ್ಟಬ್ಯಾಡ್ರಿ ಅನ್ನಂಗೂ ಇಲ್ಲ. ನಮ್ಮಾಕಿಗೆ ಅಲ್ಲಿ ಕೆಲಸ ಸಿಗಬಹುದು" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅವರೇ ಕೇಳಿದರು: "ಬ್ಯಾಸಿಗ್ಯಾಗ ಕರೆಂಟ್ ಹೋದ್ರ ಅಷ್ಟು ಮಂದಿ ಎಲ್ಲಿ ಮಲಗ್ತಾರ್ರೀ? ಮಾಳಿಗಿ ಒಂದೇ ಅಲ್ಲೇನು?" ಒದ್ದೆ ಚಾದರ ಹೊದ್ದು ಮಾಳಿಗೆ ಮೇಲೆ ಮಲಗಿ ಬೆಳೆದವನಿಗೆ ಮಾತ್ರ ಬರೋ ಪ್ರಶ್ನೆ ಅದು. ಜನರೇಟರ್ ಇರುತ್ತೆ ಅಂದೆ. ಅವರು ಹೂಂ ಅಂದರು, ನಂಬಿದಂಗೆ ಕಾಣಲಿಲ್ಲ.

ಎದುರು ಮನೆ ಗೇಟು ಸದ್ದಾಯ್ತು. "ಅಣ್ಣಾ, ಎಚ್ಚರ ಇದೀರಾ? ಬಂತು!" ಅಂತ ಕೂಗ್ತಾ ಇದ್ದಾರೆ. ಈಗ ಮೂರೂ ಹತ್ತು. ನಳಕ್ಕೆ ನೇರ ಮೋಟರ್ ಹಾಕಬಾರದು ಅಂತ ನಿಯಮ ಇದೆ. ನಮ್ಮ ಬೀದಿಯಲ್ಲಿ ಹಾಕದ ಮನೆ ಒಂದೂ ಇಲ್ಲ, ನಮ್ಮದೂ ಸೇರಿ. ನಾನು ತಡ ಮಾಡಿದರೆ ನನ್ನ ಪಾಲು ಎದುರು ಮನೆಯವರ ಸಂಪಿಗೆ ಹೋಗುತ್ತೆ. ಕಾಮೆಂಟ್ ಹಾಕಿರಿ, ಬೆಳಗ್ಗೆ ಓದ್ತೀನಿ.