ನಾಸಿಕದ ಬಾಟಲಿ, ಚಿಕ್ಕಪ್ಪನ ಹಂಡೆ

ಜನವರಿ ಕೊನೆಗೆ ಸ್ನೇಹಿತನ ಮದುವೆಗೆಂದು ನಾಸಿಕಕ್ಕೆ ಹೋಗಿದ್ದೆ. ಮಾರನೇ ದಿನ ಗಂಡಿನ ಕಡೆಯವರು ನಮ್ಮನ್ನೆಲ್ಲ ವ್ಯಾನಿಗೆ ತುಂಬಿಕೊಂಡು ದ್ರಾಕ್ಷಿ ತೋಟ ತೋರಿಸಲು ಹೊರಟರು. ತೀರ್ಥಹಳ್ಳಿ ಕಡೆಯ ನನಗೆ ತೋಟ ಅಂದರೆ ನೆರಳು, ರಕ್ತ ಹೀರುವ ಉಂಬಳ, ಕತ್ತು ನೋಯುವಷ್ಟು ಎತ್ತರದ ಅಡಿಕೆ ಮರ. ಇಲ್ಲಿ ನೋಡಿದರೆ ತಂತಿಗೆ ಕಟ್ಟಿದ ಎದೆಮಟ್ಟದ ಬಳ್ಳಿ. ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುವ ಕೊನೆಗೌಡನ ಹಂಗೇ ಇಲ್ಲ!

ಮಳೆಗಾಲದಲ್ಲಿ ಹಣ್ಣಾದರೆ ಕೊಳೆತು ಹೋಗುತ್ತೆ ಅಂತ ಇವರು ವರ್ಷಕ್ಕೆ ಎರಡು ಸಲ ಬಳ್ಳಿ ಕತ್ತರಿಸುತ್ತಾರೆ. ಜನವರಿಯಿಂದ ಮಾರ್ಚ್ ಒಳಗೆ ಕೊಯ್ಲು. ಕೊಳೆ ಅಂದ ಕೂಡಲೇ, ಅಡಿಕೆಯ ಕೊಳೆರೋಗ ನೋಡಿ ಬೆಳೆದ ನನಗೆ ನೆಂಟರು ಸಿಕ್ಕ ಹಾಗಾಯಿತು.

ಆಮೇಲೆ ವೈನಿನ ರುಚಿ ನೋಡುವ ಪಾಠ. ಗ್ಲಾಸಿನ ಕಾಲು ಹಿಡೀಬೇಕು, ಹೊಟ್ಟೆ ಹಿಡಿದರೆ ವೈನು ಬೆಚ್ಚಗಾಗುತ್ತೆ. ತಿರುಗಿಸಬೇಕು, ಮೂಸಬೇಕು, ಬಾಯಲ್ಲಿ ಆಡಿಸಿ ಪಕ್ಕದ ಬಕೆಟ್ಟಿಗೆ ಉಗುಳಬೇಕು. ಎಲೆಅಡಿಕೆ ಕವಳ ಹಾಕುವವರ ಮನೆಯಲ್ಲಿ ಹುಟ್ಟಿದವನಿಗೆ ಉಗುಳುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಪುಕ್ಕಟೆ ಸಿಕ್ಕಿದ್ದನ್ನು ಉಗುಳೋದು ಹೇಗೆ? ನಾಲ್ಕೂ ನುಂಗಿದೆ.

ಐದನೆಯದನ್ನು ಬಗ್ಗಿಸುತ್ತಾ ತೋಟದ ಹುಡುಗ "ಇದು ಬೋರ್ಡೋ ಶೈಲಿಯದು" ಅಂದ. ಎತ್ತಿದ ಗ್ಲಾಸು ಕೆಳಗಿಟ್ಟೆ. ನಮ್ಮಲ್ಲಿ ಬೋರ್ಡೋ ಅಂದರೆ ಮೈಲುತುತ್ತಕ್ಕೆ ಸುಣ್ಣ ಸೇರಿಸಿ, ಕೊಳೆರೋಗ ಬಾರದಿರಲಿ ಅಂತ ಅಡಿಕೆ ಕೊನೆಗೆ ಹೊಡೆಯುವ ಔಷಧಿ. ಹೊಡೆದವನ ಬನಿಯನ್, ರೆಪ್ಪೆ, ಕಿವಿ ಎಲ್ಲ ನೀಲಿ. "ಹಮಾರೇ ಗಾಂವ್ ಮೇ ಯೇ ಪೇಡ್ ಕೋ ಮಾರ್ತಾ ಹೈ" ಅಂದುಬಿಟ್ಟೆ. ನಾವು ಕುಡಿದು ಮರಕ್ಕೆ ಹೊಡೆಯುವ ಜನ ಅಂದುಕೊಂಡನೋ ಏನೋ, ಹುಡುಗ ಬಾಟಲಿ ತುಸು ದೂರ ಸರಿಸಿದ. ಬಿಡಿಸಿ ಹೇಳಿದ ಮೇಲೆ ನಕ್ಕ. ಬೋರ್ಡೋ ಅನ್ನೋದು ಫ್ರಾನ್ಸಿನ ಊರು, ವೈನಿಗೆ ಹೆಸರುವಾಸಿ. ನಮ್ಮ ಔಷಧಿಯೂ ಹುಟ್ಟಿದ್ದು 1880ರ ದಶಕದಲ್ಲಿ, ಅಲ್ಲಿನ ದ್ರಾಕ್ಷಿ ಬಳ್ಳಿಗಳ ರೋಗಕ್ಕೆ. ನಮ್ಮ ಮನೆಯವರು ಇಷ್ಟು ವರ್ಷ ಹೊಡೆಯುತ್ತಿದ್ದದ್ದು ವೈನಿನವರ ಮದ್ದು!

ಕಪ್ಪು ದ್ರಾಕ್ಷಿಯ ರಸವೂ ಬಿಳಿಚಿಕೊಂಡೇ ಇರುತ್ತದಂತೆ. ಕೆಂಪು ಬಣ್ಣ ಬರೋದು ಸಿಪ್ಪೆಯಿಂದ. ನಾಲಿಗೆ ಹಿಡಿದುಕೊಳ್ಳುವ ಒಗರಿಗೆ ಟ್ಯಾನಿನ್ ಅಂತ ಹೆಸರು. ಈ ಒಂದು ಪದ ಮತ್ತು ಶಿರಾಜ್ ಅನ್ನೋ ಕೆಂಪು ವೈನಿನ ಒಂದು ಬಾಟಲಿ ಹಿಡಿದುಕೊಂಡು ಊರಿಗೆ ಬಂದೆ.

ಮನೆಯಲ್ಲಿ ಅಮ್ಮನ ಕಣ್ಣಿಗೆ ಬೀಳುವ ಹಾಗಿಲ್ಲ. ಚೀಟಿ ಕೆರೆದು ತೆಗೆದೆ. ಬಿರಡೆ ತೆಗೆಯುವ ಸಾಧನ ಇರಲಿಲ್ಲ, ಸ್ಕ್ರೂಡ್ರೈವರ್ ಹಾಕಿ ಒತ್ತಿದ್ದಕ್ಕೆ ಅದು ಒಳಗೇ ಬಿತ್ತು. ಬಾಯಿಗೆ ಬಟ್ಟೆ ಉಂಡೆ ತುರುಕಿ, ಅಡಿಕೆ ಬೇಯಿಸುವ ಕೊಟ್ಟಿಗೆಯ ಗೂಡಿನಲ್ಲಿಟ್ಟೆ. ಅಲ್ಲಿಗೆ ಅಮ್ಮ ಬರಲ್ಲ. ಚಿಕ್ಕಪ್ಪ ಬರ್ತಾರೆ ಅನ್ನೋದು ತಲೆಗೆ ಹೊಳೀಲೇ ಇಲ್ಲ. ಆ ಗೂಡಿನಲ್ಲಿ ಅವರ ಚೊಗರಿನ ಬಾಟಲಿಗಳಿದ್ದವು, ಎಲ್ಲದರ ಬಾಯಿಗೂ ಬಟ್ಟೆ ಉಂಡೆ. ಚೊಗರು ಗೊತ್ತಿಲ್ಲದವರಿಗೆ ಒಂದು ಮಾತು: ಸುಲಿದ ಅಡಿಕೆ ಬೇಯಿಸಿದ ನೀರು ಇಂಗಿ ಗಟ್ಟಿ ಕೆಂಪಾಗುತ್ತದಲ್ಲ, ಅದು. ಮುಂದಿನ ಹಂಡೆಗೆ ಅದನ್ನು ಹಾಕಿದರೆ ಅಡಿಕೆಗೆ ಬಣ್ಣ.

ಶನಿವಾರ ಸಾಗರದಿಂದ ಭಾವ ಬಂದರು. ರಾತ್ರಿ ಊಟವಾದ ಮೇಲೆ ಟಾರ್ಚ್ ಹಿಡಿದು ಇಬ್ಬರೂ ಕೊಟ್ಟಿಗೆಗೆ ಹೋದೆವು. ಗ್ಲಾಸು ಇಲ್ಲದೆ ಸ್ಟೀಲ್ ಲೋಟಕ್ಕೆ ಬಗ್ಗಿಸಿದೆ. ಲೋಟಕ್ಕೆ ಕಾಲೆಲ್ಲಿ? ಅಂಚು ಹಿಡಿದು ತಿರುಗಿಸಿದೆ, ಮೂಸಿದೆ. ಹೊಗೆ ವಾಸನೆ. "ಮರದ ಪೀಪಾಯಿಯಲ್ಲಿ ಇಟ್ಟಿರ್ತಾರೆ ಭಾವ, ಅದರ ಪರಿಮಳ." ಒಂದು ಗುಟುಕು ಎಳೆದೆ. ಇಡೀ ಬಾಯಿ ಒಣಗಿದ ಹಾಳೆಯ ಹಾಗೆ ಮುದುಡಿತು. "ಟ್ಯಾನಿನ್ ಜಾಸ್ತಿ ಇದೆ" ಅಂದೆ, ತೊದಲುತ್ತಾ.

ಭಾವ ನಾಲಿಗೆ ತುದಿಗಷ್ಟೇ ಮುಟ್ಟಿಸಿ ನನ್ನ ಮುಖ ನೋಡಿದರು. "ಎಂತ ಮಾರಾಯ, ಇದು ನಮ್ಮನೆ ಚೊಗರಿನ ಹಾಗೇ ಇದ್ಯಲ್ಲ!"

ಟಾರ್ಚ್ ಗೂಡಿನ ಕಡೆ ತಿರುಗಿಸಿದೆ. ನನ್ನ ಬಾಟಲಿ ಇರಲಿಲ್ಲ. ಬಾಗಿಲ ಬಳಿ ಅದು ಖಾಲಿಯಾಗಿ ಮಲಗಿತ್ತು. ಒಳಗೆ ಬಿರಡೆ ಮಾತ್ರ.

ಬೆಳಿಗ್ಗೆ ಚಿಕ್ಕಪ್ಪ ಅಂಗಳದಲ್ಲಿ ಅಡಿಕೆ ಹರಡುತ್ತಾ ಗೊಣಗುತ್ತಿದ್ದರು. ನಾನು ಬಾಯಿ ಬಿಟ್ಟರೆ ಕೆಂಪು ನಾಲಿಗೆ ಕಾಣುತ್ತೆ ಅಂತ ಸುಮ್ನೆ ನಿಂತೆ.

"ಯಾರಿಟ್ಟಿದ್ದ ಚೊಗರೋ ಏನೋ, ಇಡೀ ಬಾಟಲಿ ಹಾಕಿದೆ ಕಣಾ. ಎಲ್ಲ ನೀರು. ಒಂದು ಚೂರೂ ಬಣ್ಣ ಹಿಡೀಲಿಲ್ಲ."