ಲಿಂಕ್ ಕಳಿಸಿದ್ರೆ ಪಾಠ ಆಯ್ತಾ?

ಕೊರೊನಾ ಕಾಲದ ಆನ್‌ಲೈನ್ ಪಾಠದ ಮಾತು ಬಂದರೆ ಎಲ್ಲರೂ ನೆಟ್‌ವರ್ಕ್‌ಗೆ ಬೈದು ಸುಮ್ಮನಾಗುತ್ತಾರೆ. ಡಿಗ್ರಿ ಕಾಲೇಜಿನ ಲೆಕ್ಚರರ್‌ಗಳಾದ ನಾವು ಇದ್ದ ನೆಟ್‌ವರ್ಕನ್ನು ಹೇಗೆ ಬಳಸಿದೆವು ಅಂತ ಯಾರೂ ಕೇಳುವುದಿಲ್ಲ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಮೊದಲು ಹಿಡಿದದ್ದು ಝೂಮ್. ಫ್ರೀ ಅಕೌಂಟ್, 40 ನಿಮಿಷಕ್ಕೆ ಕಟ್. ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಝೂಮ್ ಸುರಕ್ಷಿತ ಅಲ್ಲ ಅಂದಿತು. ನಮ್ಮ ಕಾಲೇಜು ಗೂಗಲ್ ಮೀಟ್‌ಗೆ ಹೋಯಿತು. ಆ್ಯಪ್ ಬದಲಾಯಿತು, ಟೈಮ್‌ಟೇಬಲ್ ಮಾತ್ರ ಹಾಗೇ ಉಳಿಯಿತು. ಒಂಬತ್ತೂವರೆಗೆ ಫಸ್ಟ್ ಅವರ್, ಹತ್ತೂವರೆಗೆ ಸೆಕೆಂಡ್ ಅವರ್. ಅತ್ತ ಹೆಬ್ರಿ, ಬೆಳ್ತಂಗಡಿ ಕಡೆಯ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡೆ ಹತ್ತುತ್ತಿದ್ದರು. ಸುಳ್ಯದ ಬಳ್ಳಕದಲ್ಲಿ ಮಳೆಯಲ್ಲಿ ಪಾಠ ಕೇಳುವ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೋ 2021ರಲ್ಲಿ ಎಲ್ಲ ಕಡೆ ಓಡಾಡಿತು. ನಾವೂ ಶೇರ್ ಮಾಡಿ, ಕಣ್ಣೊರೆಸಿಕೊಂಡು, ಮರುದಿನ ಒಂಬತ್ತೂವರೆಗೆ ಮತ್ತೆ ಲಿಂಕ್ ಹಾಕಿದೆವು!

ಯಾಕೆ? ಹಾಜರಿ, ಮಾರಾಯ್ರೆ.

ಚಾಟ್‌ನಲ್ಲಿ ‘ಪ್ರೆಸೆಂಟ್ ಸರ್’, ‘ಪ್ರೆಸೆಂಟ್ ಸರ್’ ಅಂತ ಸಾಲು ಸಾಲು ಬೀಳುತ್ತಿತ್ತು. ಆಮೇಲೆ ಬ್ಯಾಲೆನ್ಸ್ ಶೀಟಿನ ಬಗ್ಗೆ ಒಂದು ಪ್ರಶ್ನೆ ಕೇಳಿದರೆ ಪಿಟ್ಟೆನ್ನುವವರಿಲ್ಲ. ಆ ಸಾಲಿನ ಸ್ಕ್ರೀನ್‌ಶಾಟ್ ಆಫೀಸಿಗೆ ಹೋದರೆ ಕ್ಲಾಸ್ ಆದ ಹಾಗೆ.

ನಮ್ಮಲ್ಲೇ ಇಕನಾಮಿಕ್ಸ್ ಮೇಡಂ ಒಬ್ಬರು ಬೇರೆ ದಾರಿ ಹಿಡಿದಿದ್ದರು. ಹತ್ತು ನಿಮಿಷದ ವಾಯ್ಸ್ ಮೆಸೇಜ್, ಕೈಯಲ್ಲಿ ಬರೆದ ನೋಟ್ಸಿನ ಫೋಟೋ, ಗೂಗಲ್ ಕ್ಲಾಸ್‌ರೂಮ್‌ನಲ್ಲಿ ವಾರಕ್ಕೊಂದು ಪ್ರಶ್ನೆ. ವಾಯ್ಸ್ ಮೆಸೇಜ್ ಅಂದರೆ ಕೆಲವೇ ಎಂಬಿ. ಲೈವ್ ವಿಡಿಯೋ ಅಂದರೆ ನೂರಾರು ಎಂಬಿ, ಅದೂ ಗಂಟೆಯಿಡೀ ಒಂದೇ ಸಮ ಸಿಗ್ನಲ್ ಬೇಕು. ಹಾಲು ಕೊಡಲು ಡೈರಿಗೆ ಬಂದ ಹುಡುಗ ಅಲ್ಲೇ ಡೌನ್‌ಲೋಡ್ ಮಾಡಿಕೊಂಡು, ಮನೆಗೆ ಹೋಗಿ ರಾತ್ರಿ ಕೇಳುತ್ತಿದ್ದ. ಉತ್ತರ ಬರೆದು ಫೋಟೋ ಕಳಿಸುತ್ತಿದ್ದ. ಮೇಡಂ ಕೆಂಪು ಗೆರೆ ಎಳೆದು ವಾಪಸ್ ಕಳಿಸುತ್ತಿದ್ದರು. ಮೀಟಿಂಗಿನಲ್ಲಿ ಅವರಿಗೆ ಬಂದ ಪ್ರಶ್ನೆ ಏನು ಗೊತ್ತಾ? “ಮೇಡಂ, ನಿಮ್ಮ ಲೈವ್ ಕ್ಲಾಸ್ ಯಾಕೆ ಕಮ್ಮಿ?”

ಇಂಥ ಕೆಲಸಕ್ಕೆಂದೇ ಮೂಡಲ್ (Moodle) ಅನ್ನುವ ಆನ್‌ಲೈನ್ ಪಾಠದ ಸಾಫ್ಟ್‌ವೇರ್ 2002ರಿಂದ ಇದೆ, ಪುಕ್ಕಟೆ. ಅದರ ಆ್ಯಪ್‌ನಲ್ಲಿ ಪಾಠ ಇಳಿಸಿಕೊಂಡು ನೆಟ್ ಇಲ್ಲದಾಗಲೂ ಓದಬಹುದು. ಆದರೆ ನಮಗೆ ಕಲಿಸಿದವರು ಯಾರು? ವೆಬಿನಾರ್‌ಗಳಿಗೇನೂ ಬರ ಇರಲಿಲ್ಲ. ಇ-ಸರ್ಟಿಫಿಕೇಟ್ ಬೇಕಾದಷ್ಟು ಸಿಕ್ಕಿತು. ಒಂದು ಕ್ವಿಜ್ ಮಾಡೋದು ಹೇಗೆ, ಕಡಿಮೆ ಡೇಟಾದಲ್ಲಿ ಪಾಠ ಕಟ್ಟೋದು ಹೇಗೆ ಅಂತ ಪಕ್ಕದಲ್ಲಿ ಕೂತು ತೋರಿಸಿದವರು ಇಲ್ಲ. ಅತಿಥಿ ಉಪನ್ಯಾಸಕರ ಪಾಡಂತೂ ಕೇಳಲೇಬೇಡಿ. ತಿಂಗಳುಗಟ್ಟಲೆ ಸಂಬಳ ಇಲ್ಲದೆ ಸ್ವಂತ ದುಡ್ಡಲ್ಲಿ ರೀಚಾರ್ಜ್ ಮಾಡಿಸಿ ಪಾಠ ಮಾಡಿದರು. ಅವರಿಗೆ ‘ಇನ್ನೂ ಚೆನ್ನಾಗಿ ಮಾಡಿ’ ಅನ್ನುವ ಮುಖ ಯಾರಿಗಿದೆ?

ಹಳೇ ಕಥೆ ಯಾಕೀಗ ಅಂದ್ರಾ? ಮೊನ್ನೆ ರೆಡ್ ಅಲರ್ಟ್ ಅಂತ ಕಾಲೇಜಿಗೆ ರಜೆ ಕೊಟ್ಟರು. ಬೆಳಿಗ್ಗೆ ಎಂಟಕ್ಕೆ ಗ್ರೂಪಿನಲ್ಲಿ ಮೆಸೇಜ್: ‘ಎಲ್ಲರೂ ಟೈಮ್‌ಟೇಬಲ್ ಪ್ರಕಾರ ಆನ್‌ಲೈನ್ ಕ್ಲಾಸ್ ಮಾಡಿ, ಹಾಜರಿ ಕಳಿಸಿ.’ ಹೊರಗೆ ಜಡಿಮಳೆ, ಅರ್ಧ ಊರಿಗೆ ಕರೆಂಟಿಲ್ಲ. ನಾನು ಒಂದು ವಾಯ್ಸ್ ಮೆಸೇಜ್ ಮಾಡಿ, ಎರಡು ಲೆಕ್ಕ ಕೊಟ್ಟು, ವಾರದೊಳಗೆ ಕಳಿಸಿ ಅಂದೆ. ಹಾಜರಿ ಕಾಲಂ ಖಾಲಿ ಬಿಟ್ಟಿದ್ದೇನೆ. ಆಫೀಸಿನಿಂದ ಎರಡು ಸಲ ಫೋನ್ ಬಂದಿದೆ.